ಹೊಸ ಗಾಲ್ಫ್ ವೆಡ್ಜ್ ಸೆಟ್ ಪರೀಕ್ಷಿಸುವ ಕ್ರಮ: ಎರೆ, ಮಸಾರಿ ನೆಲದವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಕಡೆ ಹೊಸ ವೆಡ್ಜ್ (ಹತ್ತಿರದ ಗುರಿಗೆ ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಗಾಲ್ಫ್ ಕ್ಲಬ್) ಕೊಂಡವರು ಎರಡು ರೀತಿಯಲ್ಲಿ ಎಡವುತ್ತಾರೆ. ಬೆಂಗಳೂರಿನ ಅಂಗಡಿಯ ಮ್ಯಾಟ್ ಮೇಲೆ ಹೊಡೆದಾಗ ಚೆಂಡು ಸೊಗಸಾಗಿ ಎದ್ದಿರುತ್ತದೆ. ಊರಿಗೆ ತಂದು ಒಣ ಹೊಲದಲ್ಲಿ ಹೊಡೆದರೆ ವೆಡ್ಜಿನ ತಳ ನೆಲಕ್ಕೆ ಬಡಿದು ಪುಟಿಯುತ್ತದೆ, ಚೆಂಡು ಮೊಣಕಾಲೆತ್ತರದಲ್ಲಿ ಸಿಡಿದು ಹೋಗುತ್ತದೆ. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ದುಬಾರಿ: ‘ಬೌನ್ಸ್ ಜಾಸ್ತಿಯಾಯ್ತು’, ಅಂದರೆ ವೆಡ್ಜಿನ ತಳದ ಉಬ್ಬು ಹೆಚ್ಚಾಯ್ತು ಎಂದು ಅದನ್ನು ಕೊಟ್ಟು ಕಡಿಮೆ ಬೌನ್ಸಿನದು ತರುತ್ತಾರೆ. ಅದು ಊರಿನ ಗಟ್ಟಿ ನೆಲದಲ್ಲಿ ಚೆನ್ನಾಗಿ ನಡೆಯುತ್ತದೆ. ಬೆಂಗಳೂರಿನ ನೀರುಂಡ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಆಟದ ಹಾದಿಗೆ) ಹೋದ ದಿನ ಮಣ್ಣಿನಲ್ಲಿ ಹೂತು ನಿಲ್ಲುತ್ತದೆ.

ಮ್ಯಾಟ್ ಒಂದು ಸುಳ್ಳು ಹೇಳುತ್ತದೆ, ಬೇಸಿಗೆಯ ಹೊಲ ಇನ್ನೊಂದು ಸುಳ್ಳು ಹೇಳುತ್ತದೆ. ಎರಡನ್ನೂ ಪಕ್ಕಕ್ಕಿಟ್ಟು, ನೀವು ನಿಜವಾಗಿ ಆಡುವ ನೆಲಕ್ಕೆ ಹತ್ತಿರವಾದ ನೆಲವನ್ನು ಊರಲ್ಲೇ ಸಿದ್ಧ ಮಾಡಿಕೊಂಡು ಪರೀಕ್ಷಿಸಬೇಕು. ದೂರ ಅಳೆಯುವ ಕೆಲಸ ಅದಾದ ಮೇಲಿನದು. ಈ ಕ್ರಮ ತಪ್ಪಿದರೆ ಮುಂದಿನ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಇಲ್ಲಿನ ವಿವರಗಳೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ–ಬಲ ಅದಲುಬದಲು ಮಾಡಿಕೊಳ್ಳಿ.

ಬೇಕಾಗುವ ಸಾಮಾನು

ಹೊಸ ವೆಡ್ಜ್‌ಗಳ ಜೊತೆ ನಿಮ್ಮ ಹಳೆಯ ಸ್ಯಾಂಡ್ ವೆಡ್ಜ್ (ಮರಳಿನಿಂದ ಹೊಡೆಯಲು ಬಳಸುವುದು) ಮತ್ತು ಐರನ್ (ಲೋಹದ ತಲೆಯ ಕ್ಲಬ್) ಸೆಟ್ಟಿನ ಪಿಚಿಂಗ್ ವೆಡ್ಜ್ (ವೆಡ್ಜ್‌ಗಳಲ್ಲಿ ಅತಿ ದೂರ ಹೋಗುವುದು) ಇರಲೇಬೇಕು. ಹೋಲಿಸಲು ಹಳೆಯದಿಲ್ಲದೆ ಹೊಸದರ ಗುಣ ತಿಳಿಯುವುದಿಲ್ಲ.

ಒಂದೇ ಮಾದರಿಯ ಚೆಂಡು 20 ಇರಲಿ. ನೀವು ಪಂದ್ಯದಲ್ಲಿ ಆಡುವ ಚೆಂಡೇ ಆಗಬೇಕು. ಯುರೆಥೇನ್ ಹೊದಿಕೆಯ ಚೆಂಡು ವೆಡ್ಜಿಗೆ ಕೊಡುವ ಸ್ಪಿನ್‌ಗೂ ಗಟ್ಟಿ ಹೊದಿಕೆಯ ಎರಡು ಪದರದ ಚೆಂಡು ಕೊಡುವ ಸ್ಪಿನ್‌ಗೂ ಬಹಳ ಅಂತರವಿದೆ. ಎರಡನ್ನೂ ಬೆರೆಸಿ ಹೊಡೆದರೆ ನೀವು ಚೆಂಡನ್ನು ಪರೀಕ್ಷಿಸಿದಂತಾಗುತ್ತದೆ, ವೆಡ್ಜನ್ನಲ್ಲ. ಅಭ್ಯಾಸದ ರೇಂಜಿನ ಸವೆದ ಚೆಂಡು ಬೇಡವೇ ಬೇಡ.

ಉಳಿದವು ಮನೆಯಲ್ಲೇ ಸಿಗುತ್ತವೆ: 50 ಮೀಟರ್ ಟೇಪು (ಲೇಸರ್ ರೇಂಜ್‌ಫೈಂಡರ್ ಇದ್ದರೆ ಇನ್ನೂ ಒಳ್ಳೆಯದು), ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ, ಒರೆಸಿದರೆ ಹೋಗುವ ವೈಟ್‌ಬೋರ್ಡ್ ಮಾರ್ಕರ್, ಮಾಸ್ಕಿಂಗ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಷ್, ಒದ್ದೆ ಬಟ್ಟೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ನಾಲ್ಕಾರು ವಿಸಿಟಿಂಗ್ ಕಾರ್ಡು, ಒಂದು ನೋಟ್‌ಬುಕ್. ಮೊಬೈಲಿನ ಜಿಪಿಎಸ್ ನಂಬಿ ದೂರ ಅಳೆಯಬೇಡಿ. ಅದು ನಾಲ್ಕೈದು ಮೀಟರ್ ಅತ್ತಿತ್ತ ಹೋಗುವುದು ಸಾಮಾನ್ಯ, ವೆಡ್ಜ್ ಲೆಕ್ಕದಲ್ಲಿ ಅಷ್ಟು ತಪ್ಪು ನಡೆಯುವುದಿಲ್ಲ. ಟೇಪಿನಲ್ಲಿ ಮೀಟರ್ ಅಳೆದರೆ 0.914ರಿಂದ ಭಾಗಿಸಿ ಯಾರ್ಡ್ ಮಾಡಿಕೊಳ್ಳಿ.

ಜಾಗ ಮತ್ತು ಹೊತ್ತು

ಶಾಲಾ ಮೈದಾನ, ವಾಕಿಂಗಿಗೆ ಜನ ಬರುವ ಬಯಲು, ಲೇಔಟಿನ ಖಾಲಿ ನಿವೇಶನ ಯಾವುದೂ ಬೇಡ. ಗಾಲ್ಫ್ ಚೆಂಡು 45 ಗ್ರಾಂ ತೂಗುವ ಗಟ್ಟಿ ವಸ್ತು. ಥಿನ್ ಆಗಿ, ಅಂದರೆ ಕ್ಲಬ್ಬಿನ ಮುಂದಂಚು ಚೆಂಡಿನ ನಡುವಿಗೆ ಬಡಿದು, ಸಿಡಿದ ಚೆಂಡು ನೀವು ಎಣಿಸಿದ್ದಕ್ಕಿಂತ ಎಷ್ಟೋ ಮುಂದೆ, ತಲೆಯೆತ್ತರದಲ್ಲಿ ಹೋಗುತ್ತದೆ. ಹೊಸ ಕ್ಲಬ್ ಪರೀಕ್ಷಿಸುವಾಗ ಥಿನ್ ಆಗುವುದೂ ಹೆಚ್ಚು.

ಸ್ವಂತದ್ದೋ ಒಪ್ಪಿಗೆ ಪಡೆದದ್ದೋ ಆದ ಹೊಲ ಬೇಕು. ಮುಂದಕ್ಕೆ 200 ಮೀಟರ್, ಎಡಬಲಕ್ಕೆ ತಲಾ 40 ಮೀಟರ್ ಪೂರ್ತಿ ಕಣ್ಣಿಗೆ ಕಾಣುವಂತಿರಲಿ. ಮೆಕ್ಕೆಜೋಳ ಕಟಾವಾದ ಮೇಲೆ ಕೂಳೆ ಮೇಯಲು ಕುರಿ ಹಿಂಡು ಬರುತ್ತದೆ. ಹಿಂಡು ಕಂಡರೆ ಅದು ದಾಟಿಹೋಗುವ ತನಕ ಕ್ಲಬ್ ಕೆಳಗಿಡಿ. ನೆರವಿಗೆ ಬಂದವರು ನಿಮ್ಮ ಹಿಂದೆ ನಿಲ್ಲಬೇಕು. ‘ಚೆಂಡು ಎಲ್ಲಿ ಬಿತ್ತು ನೋಡು’ ಎಂದು ಯಾರನ್ನೂ ಮುಂದೆ ಕಳಿಸಬೇಡಿ.

ಹೊತ್ತು ಬೆಳಗಿನ 6ರಿಂದ 8. ಬಿಸಿಲೇರಿದಂತೆ ಗಾಳಿಯೂ ಏರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಗೆ ಎತ್ತರಕ್ಕೆ ಏಳುವ ವೆಡ್ಜ್ ಚೆಂಡು ಹತ್ತು ಹದಿನೈದು ಯಾರ್ಡ್ ಅಲುಗಾಡುತ್ತದೆ. ಕೈಯಿಂದ ಬಿಟ್ಟ ಒಣಹುಲ್ಲಿನ ಎಸಳು ನೇರ ಕೆಳಗೆ ಬೀಳದಿದ್ದರೆ ಆ ದಿನ ದೂರ ಅಳೆಯಬೇಡಿ. ಸೋಲ್ (ವೆಡ್ಜಿನ ತಳ) ಪರೀಕ್ಷೆಯನ್ನು ಮಾತ್ರ ಮಾಡಬಹುದು.

ಹಂತ 1: ಲಾಫ್ಟ್ ಲೆಕ್ಕ ಕಾಗದದ ಮೇಲೆ

ಪ್ಲಾಸ್ಟಿಕ್ ಬಿಚ್ಚುವ ಮೊದಲೇ ಇದು ಮುಗಿಯಬೇಕು. ನಿಮ್ಮ ಪಿಚಿಂಗ್ ವೆಡ್ಜಿನ ಲಾಫ್ಟ್, ಅಂದರೆ ಫೇಸ್ (ಚೆಂಡಿಗೆ ತಗಲುವ ಮುಖ) ಹಿಂದಕ್ಕೆ ವಾಲಿದ ಕೋನ, ಎಷ್ಟು? ಹಲವರು 48 ಡಿಗ್ರಿ ಎಂದುಕೊಂಡಿರುತ್ತಾರೆ. ಈಗಿನ ಐರನ್ ಸೆಟ್‌ಗಳಲ್ಲಿ ಅದು 43–45 ಇರುವುದೇ ಹೆಚ್ಚು. ತಯಾರಕರ ಜಾಲತಾಣದಲ್ಲಿ ಆ ಮಾದರಿಯ ವಿವರ ಸಿಗುತ್ತದೆ, ಊಹೆ ಬೇಡ.

ಅಲ್ಲಿಂದ 4ರಿಂದ 6 ಡಿಗ್ರಿಗೊಂದು ಮೆಟ್ಟಿಲು. ಪಿಚಿಂಗ್ ವೆಡ್ಜ್ 44 ಆಗಿದ್ದರೆ 50, 54, 58 ಸರಿಹೊಂದುತ್ತದೆ. 46 ಆಗಿದ್ದರೆ 50, 54, 58 ಅಥವಾ 51, 56, 60. ಪಿಚಿಂಗ್ ವೆಡ್ಜ್ 44 ಇಟ್ಟುಕೊಂಡು ನೇರವಾಗಿ 52, 56, 60 ಸೆಟ್ ಕೊಂಡರೆ ಮೊದಲ ಮೆಟ್ಟಿಲಲ್ಲೇ 8 ಡಿಗ್ರಿಯ ಕಂದಕ. ನಡುವಿನ ಸುಮಾರು 20 ಯಾರ್ಡಿನ ಅಂತರಕ್ಕೆ ಯಾವ ಕ್ಲಬ್ಬೂ ಇರುವುದಿಲ್ಲ. ಮೂರರ ಸೆಟ್ ಎಂದು ಕಟ್ಟಿ ಮಾರುವುದು ಬಹುಪಾಲು ಇದೇ 52, 56, 60 ಆದ್ದರಿಂದ ಈ ತಪ್ಪು ಬಹಳ ಕಾಣುತ್ತದೆ. ಬ್ಯಾಗಿನಲ್ಲಿ ಒಟ್ಟು 14 ಕ್ಲಬ್ ಮೀರುವಂತಿಲ್ಲ ಎಂಬ ನಿಯಮವನ್ನೂ ಈಗಲೇ ಲೆಕ್ಕಕ್ಕೆ ತನ್ನಿ.

ಹಂತ 2: ಮನೆಯಲ್ಲಿ ಒಣ ತಪಾಸಣೆ

ಅಂಗಡಿಯವರ ವಾಪಸಾತಿ ಷರತ್ತು ಓದಿ. ಫೇಸಿನ ಮೇಲೆ ಒಂದು ಚೆಂಡಿನ ಗುರುತು ಬಿದ್ದರೂ ಹಿಂದಕ್ಕೆ ತೆಗೆದುಕೊಳ್ಳದವರಿದ್ದಾರೆ. ಡೆಮೋ ಕ್ಲಬ್ ಕೊಡುವ ಅಂಗಡಿಯಾದರೆ ಅದನ್ನೇ ಕೇಳಿ ತನ್ನಿ, ಮುಂದಿನ ಹಂತಗಳನ್ನು ನಿಶ್ಚಿಂತೆಯಿಂದ ಮಾಡಬಹುದು.

ತಕ್ಕಡಿಯ ಮೇಲೆ ಒಂದೊಂದನ್ನೂ ತೂಗಿ. ಸ್ಟೀಲ್ ಶಾಫ್ಟ್ (ಕ್ಲಬ್ಬಿನ ಉದ್ದನೆಯ ಕೋಲು) ಇರುವ ವೆಡ್ಜ್ ಸಾಮಾನ್ಯವಾಗಿ 450ರಿಂದ 480 ಗ್ರಾಂ ಆಸುಪಾಸು ಇರುತ್ತದೆ. ಒಂದೇ ಸೆಟ್ಟಿನ ಮೂರು ಕ್ಲಬ್‌ಗಳ ತೂಕದಲ್ಲಿ ಕೆಲವೇ ಗ್ರಾಂ ವ್ಯತ್ಯಾಸವಿರಬೇಕು. ಒಂದು ಮಾತ್ರ 15–20 ಗ್ರಾಂ ಬೇರೆ ತೂಗಿದರೆ ಶಾಫ್ಟ್ ಬೇರೆಯದು ಬಿದ್ದಿರಬಹುದು. ನಿಮ್ಮ ಐರನ್‌ಗಳಿಗೆ ಹಗುರ ಗ್ರ್ಯಾಫೈಟ್ ಶಾಫ್ಟ್ ಇದ್ದು, ವೆಡ್ಜಿಗೆ ಸುಮಾರು 130 ಗ್ರಾಮಿನ ಸ್ಟೀಲ್ ಶಾಫ್ಟ್ ಇದ್ದರೆ ಲಯ ಕೆಡುತ್ತದೆ. ವೆಡ್ಜ್ ಶಾಫ್ಟ್ ಐರನ್ನಿಗಿಂತ ತುಸು ಭಾರವಿದ್ದರೆ ಒಳ್ಳೆಯದೇ, ದುಪ್ಪಟ್ಟು ಭಾರವಾದರೆ ಅಲ್ಲ.

ಈಗ ವಿಸಿಟಿಂಗ್ ಕಾರ್ಡಿನ ಕೆಲಸ. ಸಮತಟ್ಟಾದ ಗ್ರಾನೈಟ್ ಕಟ್ಟೆಯ ಮೇಲೆ ವೆಡ್ಜನ್ನು ಫೇಸ್ ನೇರವಾಗಿರುವಂತೆ ಇಡಿ. ಲೀಡಿಂಗ್ ಎಡ್ಜ್, ಅಂದರೆ ಫೇಸಿನ ಕೆಳಗಿನ ಮುಂದಂಚಿನ ಅಡಿ ಎಷ್ಟು ಕಾರ್ಡು ನುಗ್ಗುತ್ತವೆ ಎಣಿಸಿ. ಬಳಿಕ ಬಂಕರಿನಲ್ಲಿ (ಮೈದಾನದ ಮರಳಿನ ಹೊಂಡದಲ್ಲಿ) ಮಾಡುವಂತೆ ಫೇಸನ್ನು ತೆರೆದು (ಬಲಕ್ಕೆ ತಿರುಗಿಸಿ) ಮತ್ತೆ ಎಣಿಸಿ. ತೆರೆದಾಗ ಕಾರ್ಡಿನ ಸಂಖ್ಯೆ ಬಹಳ ಏರಿದರೆ ಆ ವೆಡ್ಜಿನ ಹಿಮ್ಮಡಿ (ಶಾಫ್ಟ್ ಕಡೆಯ ತುದಿ) ಮತ್ತು ಹಿಂದಂಚನ್ನು ಅಷ್ಟಾಗಿ ಉಜ್ಜಿ ತೆಗೆದಿಲ್ಲ ಎಂದರ್ಥ. ಗಟ್ಟಿ ನೆಲದಲ್ಲಿ ಫೇಸ್ ತೆರೆದು ಹೊಡೆಯಲು ಅದು ಒಗ್ಗುವುದಿಲ್ಲ. ಹೆಚ್ಚು ಏರದಿದ್ದರೆ ಆ ಉಜ್ಜುವಿಕೆ, ಅಂದರೆ ಗ್ರೈಂಡ್, ನಿಮ್ಮ ಪರವಾಗಿದೆ. ಸೋಲಿನ ಮೇಲೆ ಕೊರೆದ ಬೌನ್ಸ್ ಅಂಕಿ ಇದನ್ನು ಹೇಳುವುದಿಲ್ಲ. ಒಂದೇ 10 ಡಿಗ್ರಿ ಬೌನ್ಸಿನ ಎರಡು ವೆಡ್ಜ್‌ಗಳು, ಸೋಲಿನ ಅಗಲ ಮತ್ತು ಉಬ್ಬು ಬೇರೆಯಾದರೆ, ನೆಲದ ಮೇಲೆ ಪೂರಾ ಬೇರೆಯಾಗಿ ನಡೆದುಕೊಳ್ಳುತ್ತವೆ.

ಹಂತ 3: ನಿಮ್ಮ ಸ್ವಿಂಗ್ ನೆಲ ಮುಟ್ಟುವ ಜಾಗ

ಕ್ಲಬ್ಬಿನ ದೋಷಕ್ಕೂ ಸ್ವಿಂಗಿನ ದೋಷಕ್ಕೂ ಗೆರೆ ಎಳೆಯುವ ಹಂತ ಇದು. ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

ಹಿಂದಿನ ಸಂಜೆ ಗರಿಕೆ ಹುಲ್ಲು ದಟ್ಟವಾಗಿರುವ ಕಡೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡಿಗೆ ಚೆನ್ನಾಗಿ ನೀರು ಹಾಯಿಸಿ. ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಜಾತಿಯದೇ. ಆದ್ದರಿಂದ ನೀರುಂಡ ಗರಿಕೆಯ ತುಂಡು ನಿಮಗೆ ಊರಲ್ಲಿ ಸಿಗುವ ಅತ್ಯಂತ ನಂಬಿಗಸ್ತ ಫೇರ್‌ವೇ. ಬೆಳಿಗ್ಗೆ ಹೆಬ್ಬೆರಳು ಒತ್ತಿದರೆ ಉಗುರಿನಷ್ಟು ಇಳಿಯಬೇಕು, ಕೈಗೆ ಕೆಸರು ಅಂಟಬಾರದು. ಬಿತ್ತನೆಗೆ ನೋಡುವ ಹದವೇ ಇದಕ್ಕೂ ಹದ.

ಆ ತುಂಡಿನ ಮೇಲೆ ಉದ್ದಕ್ಕೆ ಸುಣ್ಣದ ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವಿನಿಂದ ಮುಂದಕ್ಕೆ ಹಾಯುವಂತೆ ನಿಂತು, ಚೆಂಡಿಲ್ಲದೆ ಹಳೆಯ ವೆಡ್ಜಿನಿಂದ ಅರ್ಧ ಸ್ವಿಂಗ್ ಮಾಡಿ. ಪ್ರತಿ ಸ್ವಿಂಗಿಗೂ ಒಂದು ಗೇಣು ಸರಿಯುತ್ತ ಹತ್ತು ಬಾರಿ ಮಾಡಿದ ಮೇಲೆ ಮಣ್ಣಿನ ಗುರುತು ನೋಡಿ. ಗುರುತುಗಳು ಗೆರೆಯ ಮೇಲೆ, ಅಥವಾ ಗೆರೆ ದಾಟಿ ಗುರಿಯ ಕಡೆಗೆ ಎರಡು ಮೂರು ಇಂಚಿನಲ್ಲಿ ಶುರುವಾಗಬೇಕು. ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಗೆರೆಯ ಹಿಂದೆಯೇ ಶುರುವಾಗಿದ್ದರೆ ಇಲ್ಲಿಗೆ ನಿಲ್ಲಿಸಿ. ನಿಮಗೀಗ ಬೇಕಾದದ್ದು ಅಭ್ಯಾಸ. ಯಾವ ವೆಡ್ಜ್ ತಂದರೂ ಅದರ ಮೇಲೆ ತಪ್ಪು ಹೊರಿಸುತ್ತೀರಿ.

ಗುರುತಿನ ಆಳವನ್ನೂ ಬರೆದಿಟ್ಟುಕೊಳ್ಳಿ. ಹುಲ್ಲು ತರಿದು ಮಣ್ಣು ತುಸು ಕೆರೆದಿದ್ದರೆ ನೀವು ಸವರುವವರು, ಕಡಿಮೆ ಬೌನ್ಸ್ ಸಾಕು. ಬೆರಳಿನ ಒಂದು ಗೆಣ್ಣಿನಷ್ಟು ಆಳದ ಡಿವಟ್ (ಕಿತ್ತೇಳುವ ಹುಲ್ಲು–ಮಣ್ಣಿನ ತುಂಡು) ಏಳುತ್ತಿದ್ದರೆ ನೀವು ಕಡಿದಾಗಿ ಇಳಿಯುವವರು, ಬೌನ್ಸ್ ಹೆಚ್ಚು ಬೇಕು.

ಹಂತ 4: ಮೂರು ನೆಲದಲ್ಲಿ ಸೋಲ್ ಪರೀಕ್ಷೆ

ಇಡೀ ಪರೀಕ್ಷೆಯ ಜೀವಾಳ ಇಲ್ಲಿದೆ. ಹೆಚ್ಚು ಹೊತ್ತು ಇದಕ್ಕೇ ಕೊಡಿ, ಎರಡು ಬೆಳಿಗ್ಗೆಗಳಿಗೆ ಹಂಚಿಕೊಂಡರೂ ಆದೀತು.

ಬೌನ್ಸ್ ಎಂದರೆ ಲೀಡಿಂಗ್ ಎಡ್ಜಿಗಿಂತ ಸೋಲಿನ ಹೊಟ್ಟೆ ಎಷ್ಟು ಕೆಳಗಿದೆ ಎಂಬುದರ ಕೋನ. 6 ಡಿಗ್ರಿವರೆಗೆ ಕಡಿಮೆ, 7ರಿಂದ 10 ಮಧ್ಯಮ, ಅದರ ಮೇಲಿನದು ಹೆಚ್ಚು ಎಂದು ಸ್ಥೂಲವಾಗಿ ಇಟ್ಟುಕೊಳ್ಳಿ. ಕಡಿಮೆಯಿದ್ದರೆ ಮುಂದಂಚು ನೇಗಿಲಿನ ಕುಳದಂತೆ ಮೆತ್ತನೆ ಮಣ್ಣಿಗೆ ಇಳಿಯುತ್ತದೆ. ಹೆಚ್ಚಿದ್ದರೆ ಸೋಲಿನ ಹೊಟ್ಟೆ ಮಣ್ಣನ್ನು ಒತ್ತಿ ಕ್ಲಬ್ಬನ್ನು ಮೇಲಕ್ಕೆ ಜಾರಿಸುತ್ತದೆ.

ಮೂರು ನೆಲ ಆರಿಸಿಕೊಳ್ಳಿ. ಒಂದು, ಹುಲ್ಲು ಕಡಿಮೆಯಿರುವ ಗಟ್ಟಿ ಮಸಾರಿ. ಎರಡು, ಬದುವಿನ ಮೇಲಿನ ಒಣ ಗರಿಕೆ. ಮೂರು, ಹಂತ 3ರಲ್ಲಿ ನೀರುಣಿಸಿದ ಗರಿಕೆಯ ತುಂಡು. ಬಿರುಕು ಬಿಟ್ಟ ಎರೆ ಭೂಮಿ ಬೇಡ, ಬಿರುಕಿಗೆ ಟೋ (ಕ್ಲಬ್ ತಲೆಯ ಹೊರತುದಿ) ಸಿಕ್ಕಿದರೆ ಮಣಿಕಟ್ಟು ಉಳುಕುತ್ತದೆ. ಮಳೆ ಬಿದ್ದ ಎರೆಯೂ ಬೇಡ. ಎರಡು ಹೊಡೆತಕ್ಕೇ ಸೋಲಿಗೆ ಮಣ್ಣು ಮೆತ್ತಿಕೊಂಡು ಬೌನ್ಸಿನ ಆಕಾರವೇ ಬದಲಾಗುತ್ತದೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಗರಸು ನೆಲದಲ್ಲಿ ಹೊಡೆಯುವ ಮೊದಲು ಒಂದು ಮೀಟರ್ ಸುತ್ತ ಕಲ್ಲು ಆರಿಸಿ ತೆಗೆಯಿರಿ. ಬೆರಣಿಯಷ್ಟು ಮಣ್ಣಿನಡಿ ಅವಿತ ಒಂದು ಬೆಣಚುಕಲ್ಲು ಸಾಕು, ಲೀಡಿಂಗ್ ಎಡ್ಜ್ ನೆಗ್ಗಿಹೋಗಲು.

ಹೊಡೆತ 30 ಯಾರ್ಡಿನ ಪಿಚ್ (ಎತ್ತಿ ಹಾಕುವ ಚಿಕ್ಕ ಹೊಡೆತ), ಫುಲ್ ಸ್ವಿಂಗ್ ಅಲ್ಲ. ಸೋಲಿಗೆ ಪೂರ್ತಿ ಮಾರ್ಕರ್ ಬಳಿಯಿರಿ. ಮಸಾರಿಯ ಮೇಲೆ ಮಾರ್ಕರ್ ಬದಲು ಮಾಸ್ಕಿಂಗ್ ಟೇಪ್ ಅಂಟಿಸಿದರೆ ಸೋಲಿಗೆ ಗೀರು ಕಡಿಮೆ, ಟೇಪ್ ಹರಿದ ಜಾಗವೇ ಓದು ಕೊಡುತ್ತದೆ. ಪ್ರತಿ ನೆಲದಲ್ಲೂ ಹಳೆಯದರಲ್ಲಿ ಐದು, ಹೊಸದರಲ್ಲಿ ಐದು, ಮತ್ತೆ ಹೊಸದರಲ್ಲಿ ಐದು, ಕೊನೆಗೆ ಹಳೆಯದರಲ್ಲಿ ಐದು. ಹಳೆಯದನ್ನೆಲ್ಲ ಮೊದಲು ಹೊಡೆದು ಮುಗಿಸಿದರೆ ಮೈ ಬಿಸಿಯಾದ ಲಾಭವೆಲ್ಲ ಹೊಸದಕ್ಕೆ ಹೋಗುತ್ತದೆ. ಪ್ರತಿ ಹೊಡೆತದ ಬಳಿಕ ಸೋಲ್ ಮತ್ತು ಗ್ರೂವ್ (ಫೇಸಿನ ಮೇಲಿನ ಅಡ್ಡ ಗೀರುಗಳು) ಒರೆಸಬೇಕು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಓದುವುದು ಹೀಗೆ. ಮಸಾರಿಯಲ್ಲಿ ಗುರುತು ಸೋಲಿನ ಹಿಂದಂಚಿನಲ್ಲಿ ಬಿದ್ದು, ‘ಟಕ್’ ಎಂಬ ನೆಲದ ಸದ್ದು ಚೆಂಡಿನ ಸದ್ದಿಗಿಂತ ಮೊದಲು ಕೇಳಿ, ಚೆಂಡು ಕೆಳಗೆ ಸಿಡಿದರೆ ಬೌನ್ಸ್ ಪುಟಿಯುತ್ತಿದೆ. ತಕ್ಷಣ ವೆಡ್ಜನ್ನು ತಿರಸ್ಕರಿಸಬೇಡಿ. ಚೆಂಡನ್ನು ಅರ್ಧ ಚೆಂಡಿನಷ್ಟು ಹಿಂದಕ್ಕೆ ಸರಿಸಿ, ಕೈಯನ್ನು ತುಸು ಗುರಿಯ ಕಡೆಗೆ ವಾಲಿಸಿ ಇನ್ನೈದು ಹೊಡೆಯಿರಿ. ಶಾಫ್ಟ್ ಮುಂದಕ್ಕೆ ವಾಲಿದಷ್ಟೂ ನೆಲಕ್ಕೆ ಸಿಗುವ ಬೌನ್ಸ್ ಕಡಿಮೆಯಾಗುತ್ತದೆ. ಇಷ್ಟರಲ್ಲಿ ಸರಿಹೋದರೆ ವೆಡ್ಜ್ ನಿಮ್ಮದೇ.

ನೀರುಂಡ ತುಂಡಿನಲ್ಲಿ ಬಣ್ಣ ಲೀಡಿಂಗ್ ಎಡ್ಜಿನ ಬಳಿ ಮಾತ್ರ ಅಳಿಸಿ, ಕ್ಲಬ್ ಹೂತು ನಿಂತು, ಚೆಂಡು ಅರ್ಧ ದೂರಕ್ಕೆ ಬಿದ್ದರೆ ಬೌನ್ಸ್ ನಿಮಗೆ ಸಾಲದು. ಇದಕ್ಕೆ ನಿಲುವು ಬದಲಿಸಿ ಪರಿಹಾರ ಹುಡುಕುವುದು ಕಷ್ಟ. ಸೋಲಿನ ನಡುಭಾಗದಲ್ಲಿ ಅಗಲವಾಗಿ ಬಣ್ಣ ಅಳಿಸಿ, ಡಿವಟ್ ಉದ್ದವಾಗಿ ತೆಳ್ಳಗೆ ಎದ್ದರೆ ಅದೇ ಸರಿಯಾದ ಗುರುತು.

ಬದುವಿನ ಗರಿಕೆಯಲ್ಲಿ ಒಂದು ವಿಷಯ ಗಮನಿಸಿ. ಗರಿಕೆ ಒಂದು ಕಡೆಗೆ ಮಲಗಿ ಬೆಳೆಯುತ್ತದೆ. ಅದು ಮಲಗಿದ ದಿಕ್ಕಿಗೇ ಹೊಡೆದರೆ ಎಲ್ಲ ವೆಡ್ಜೂ ಚೆನ್ನ. ಎದುರಾಗಿ ಹೊಡೆದಾಗ ಹುಲ್ಲು ಮುಂದಂಚನ್ನು ಹಿಡಿದು ಎಳೆಯುತ್ತದೆ, ವೆಡ್ಜ್‌ಗಳ ವ್ಯತ್ಯಾಸ ಬಯಲಾಗುವುದು ಆಗ. ಎರಡೂ ಕಡೆ ಹೊಡೆದು ಬೇರೆಬೇರೆ ಬರೆದಿಡಿ.

ಮೂರೂ ನೆಲದಲ್ಲಿ ಒಂದೇ ವೆಡ್ಜ್ ಗೆಲ್ಲುವುದು ಅಪರೂಪ. ಬೆಂಗಳೂರಿಗೆ ಹೋಗಿ ಆಡುವವರಾದರೆ ನೀರುಂಡ ತುಂಡಿನ ತೀರ್ಪಿಗೆ ಉಳಿದೆರಡರಷ್ಟು ತೂಕ ಕೊಡಿ. ಹೆಚ್ಚಿನವರಿಗೆ ಕೊನೆಗೆ ಹೊಂದುವುದು ಮಿಶ್ರ ಜೋಡಿ: 54 ಅಥವಾ 56ರಲ್ಲಿ 10–12 ಬೌನ್ಸ್, 58 ಅಥವಾ 60ರಲ್ಲಿ 6–8. ಮೆತ್ತನೆ ನೆಲಕ್ಕೂ ಮರಳಿಗೂ ಮೊದಲನೆಯದು, ಗಟ್ಟಿ ನೆಲಕ್ಕೆ ಎರಡನೆಯದು. ಎರಡಕ್ಕೂ ಒಂದೇ ಬೌನ್ಸ್ ಕೊಂಡರೆ ಯಾವುದೋ ಒಂದು ನೆಲದಲ್ಲಿ ಕೈ ಖಾಲಿ.

ಹಂತ 5: ಲೈ ಕೋನ

ಲೈ ಎಂದರೆ ಸೋಲ್ ನೆಲಕ್ಕೆ ಕೂತಾಗ ಶಾಫ್ಟ್ ನೆಲದೊಂದಿಗೆ ಮಾಡುವ ಕೋನ. ಚೆಂಡಿನ ಮೇಲೆ ಮಾರ್ಕರಿನಿಂದ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಫೇಸಿನ ಕಡೆ ಮುಖಮಾಡುವಂತೆ ಇಟ್ಟು ಹೊಡೆಯಿರಿ. ಗೆರೆಯ ಅಚ್ಚು ಫೇಸಿನ ಮೇಲೆ ಬೀಳುತ್ತದೆ. ಅದು ಗ್ರೂವ್‌ಗಳಿಗೆ ಲಂಬವಾಗಿದ್ದರೆ ಸರಿ. ಅಚ್ಚಿನ ತಲೆ ಟೋ ಕಡೆಗೆ ವಾಲಿದರೆ ಕ್ಲಬ್ಬಿನ ಟೋ ಎದ್ದಿದೆ, ಚೆಂಡು ಎಡಕ್ಕೆ ಹೋಗುತ್ತದೆ. ಹೀಲ್ (ಹಿಮ್ಮಡಿ) ಕಡೆಗೆ ವಾಲಿದರೆ ಟೋ ನೆಲಕ್ಕೆ ಕೂತಿದೆ, ಚೆಂಡು ಬಲಕ್ಕೆ. ಲಾಫ್ಟ್ ಹೆಚ್ಚಿದಷ್ಟೂ ಈ ತಪ್ಪಿನ ಪರಿಣಾಮ ದೊಡ್ಡದು. 9 ಐರನ್ನಿನಲ್ಲಿ ಗೊತ್ತೇ ಆಗದ ವಾಲು 58ರಲ್ಲಿ ಗ್ರೀನಿನ (ಕುಳಿಯಿರುವ ನುಣುಪು ಹುಲ್ಲಿನ ಜಾಗದ) ಅಂಚಿಗೆ ಒಯ್ಯುತ್ತದೆ. ಮೂರು ಅಚ್ಚು ಒಂದೇ ರೀತಿ ಬಂದರೆ ಸಾಕು, ಮುಂದಕ್ಕೆ ಹೋಗಿ.

ಹಂತ 6: ಫುಲ್ ಸ್ವಿಂಗಿನ ಕ್ಯಾರಿ

ಅಳೆಯಬೇಕಾದದ್ದು ಚೆಂಡು ಹಾರಿ ಬಿದ್ದ ದೂರ, ಉರುಳಿ ನಿಂತ ದೂರವಲ್ಲ. ಗಟ್ಟಿ ನೆಲದಲ್ಲಿ ಚೆಂಡು ಹದಿನೈದು ಇಪ್ಪತ್ತು ಯಾರ್ಡ್ ಪುಟಿದು ಓಡುತ್ತದೆ, ಜನ ಅದನ್ನೂ ಸೇರಿಸಿ ‘ನನ್ನ 52 ನೂರಿಪ್ಪತ್ತು ಹೋಗುತ್ತದೆ’ ಎಂದು ನಂಬಿಬಿಡುತ್ತಾರೆ. ಇದಕ್ಕೆ ನಮ್ಮ ಸೀಮೆಯಲ್ಲಿ ಸಿಗುವ ಅತ್ಯುತ್ತಮ ಸಾಧನ ಉಳುಮೆ ಮಾಡಿದ ಹೊಲ. ಗಟ್ಟಿಯಾದ ಬದುವಿನಂಚಿನ ಹುಲ್ಲಿನಿಂದ ಉತ್ತ ಹೊಲದೊಳಕ್ಕೆ ಹೊಡೆದರೆ ಚೆಂಡು ಬಿದ್ದಲ್ಲೇ ಕೂರುತ್ತದೆ. ಬಿತ್ತಿದ ಹೊಲವಾದರೆ ಕಾಲಿಡಬೇಡಿ. ಹಳದಿ ಚೆಂಡು ಎರೆ ಮಣ್ಣಿನಲ್ಲಿ ಬೇಗ ಕಾಣುತ್ತದೆ.

ಪಿಚಿಂಗ್ ವೆಡ್ಜಿನಿಂದ ಹಿಡಿದು ಪ್ರತಿ ಕ್ಲಬ್ಬಿಗೂ ಹತ್ತು ಚೆಂಡು. ಅತಿ ದೂರದ ಎರಡು, ಅತಿ ಹತ್ತಿರದ ಎರಡು ಬಿಟ್ಟು ನಡುವಿನ ಆರರ ಸರಾಸರಿ ತೆಗೆಯಿರಿ. ಒಂದು ಬೆಳಿಗ್ಗೆಗೆ 60 ಚೆಂಡು ಮೀರಬೇಡಿ. ದಣಿದ ತೋಳು ಕೊಡುವ ಅಂಕಿ ಪಂದ್ಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಲ ಹಾಕಿ ಹೊಡೆಯುವುದೂ ಬೇಡ, ನೂರಕ್ಕೆ ಎಂಬತ್ತರಷ್ಟು ಸಾಕು.

ಮಾದರಿಗೆ ಒಂದು ಒಳ್ಳೆಯ ಏಣಿ: ಪಿಚಿಂಗ್ ವೆಡ್ಜ್ 110 ಯಾರ್ಡ್, 50 ಡಿಗ್ರಿ 97, 54 ಡಿಗ್ರಿ 85, 58 ಡಿಗ್ರಿ 72. ಮೆಟ್ಟಿಲುಗಳ ನಡುವೆ 10ರಿಂದ 15 ಯಾರ್ಡ್ ಇರಬೇಕು. 8ಕ್ಕಿಂತ ಕಡಿಮೆಯಾದರೆ ಎರಡು ಕ್ಲಬ್ ಒಂದೇ ಕೆಲಸ ಮಾಡುತ್ತಿವೆ. 20 ಮೀರಿದರೆ ನಡುವೆ ಕಂದಕವಿದೆ.

ಹೊಡೆಯುವ ಮೊದಲು ಫೇಸಿಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿದರೆ ಚೆಂಡು ತಗುಲಿದ ಜಾಗ ಕಾಣುತ್ತದೆ. ನಡುವಿಗಿಂತ ತುಸು ಕೆಳಗೆ ಗುರುತುಗಳು ಒತ್ತೊತ್ತಾಗಿ ಬೀಳಬೇಕು. ಫೇಸಿನ ಮೇಲ್ಭಾಗದಲ್ಲಿ ಬೀಳುತ್ತಿದ್ದರೆ ಚೆಂಡು ಎತ್ತರಕ್ಕೆ ಹೋಗಿ ಅರ್ಧಕ್ಕೇ ಸಾಯುತ್ತದೆ. 60 ಡಿಗ್ರಿಯಲ್ಲಿ ಫುಲ್ ಸ್ವಿಂಗ್ ಮಾಡುವವರಿಗೆ ಇದು ಮೇಲಿಂದ ಮೇಲೆ ಆಗುತ್ತದೆ. ಹತ್ತರಲ್ಲಿ ನಾಲ್ಕು ಹೀಗಾದರೆ 60ರ ಬದಲು 58 ನೋಡಿ. ಪೌಡರ್ ಸ್ಪಿನ್ ಕಡಿಮೆ ಮಾಡುವುದರಿಂದ, ಗುರುತು ನೋಡುವ ಐದು ಚೆಂಡನ್ನು ದೂರದ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 7: ಮೂರು ಅಳತೆಯ ಸ್ವಿಂಗ್

ಪಂದ್ಯದಲ್ಲಿ ವೆಡ್ಜಿಗೆ ಫುಲ್ ಸ್ವಿಂಗ್ ಬರುವುದು ಕಡಿಮೆ. ಕೈ ಸೊಂಟದ ಮಟ್ಟಕ್ಕೆ, ಎದೆಯ ಮಟ್ಟಕ್ಕೆ, ಭುಜದ ಮಟ್ಟಕ್ಕೆ ಹೋಗುವ ಮೂರು ಸ್ವಿಂಗ್ ಇಟ್ಟುಕೊಳ್ಳಿ. ವೇಗ ಒಂದೇ, ಉದ್ದ ಮಾತ್ರ ಬೇರೆ. ನಾಲ್ಕು ಕ್ಲಬ್ಬಿಗೆ ಮೂರರಂತೆ ಹನ್ನೆರಡು ಅಂಕಿ ಸಿಗುತ್ತವೆ. ಚಿಕ್ಕ ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿಡಿ.

ಇಲ್ಲಿ ನೋಡಬೇಕಾದದ್ದು ಸರಾಸರಿಗಿಂತ ಚದುರು. ಎದೆಮಟ್ಟದ ಸ್ವಿಂಗಿನಲ್ಲಿ ಹಳೆಯ ವೆಡ್ಜಿನ ಹತ್ತು ಚೆಂಡು 8 ಯಾರ್ಡಿನೊಳಗೆ ಬಿದ್ದು, ಹೊಸದರದು 15 ಯಾರ್ಡ್ ಚದುರಿದರೆ ಹೊಸದು ಎಷ್ಟೇ ದೂರ ಹೋದರೂ ಹಳೆಯದೇ ಮೇಲು. ಶಾಫ್ಟಿನ ತೂಕ ಹೊಂದದಿದ್ದಾಗ ಹೆಚ್ಚಾಗಿ ಹೀಗಾಗುತ್ತದೆ. ಹಂತ 2ರಲ್ಲಿ ಬರೆದ ತೂಕವನ್ನು ಮತ್ತೆ ನೋಡಿ.

ಹಂತ 8: ಮರಳು

ಕಟ್ಟಡಕ್ಕೆ ತಂದ ಎಂ-ಸ್ಯಾಂಡ್ ಗುಡ್ಡೆಯ ಮೇಲೆ ಹೊಡೆದು ನೋಡುವವರಿದ್ದಾರೆ. ಜಲ್ಲಿ ಪುಡಿಯಾದ ಆ ಮರಳಿನ ಕಣ ಚೂಪು, ಗುಡ್ಡೆಯ ಆಳ ಅಡಿಗಟ್ಟಲೆ. ಬಂಕರಿನ ನಡವಳಿಕೆ ಅದರಲ್ಲಿ ಸಿಗುವುದಿಲ್ಲ, ಸೋಲಿನ ಹೊಳಪು ಮಾತ್ರ ಹೋಗುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಐದು ಇಂಚು ಆಳಕ್ಕೆ ಅಗೆದು ಗಾರೆಗೆ ಬಳಸುವ ಜರಡಿ ಹಿಡಿದ ನಯ ಮರಳು ತುಂಬಿ. ತಳಕ್ಕೆ ಕಲ್ಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಚೆಂಡಿನ ಹಿಂದೆ ಎರಡು ಇಂಚಿನಲ್ಲಿ ಗೆರೆ ಎಳೆದು, ಫೇಸ್ ತೆರೆದು, ಗೆರೆಗೇ ಕ್ಲಬ್ ಇಳಿಸಿ. ಮರಳಿನ ಹಳ್ಳ ಅಂಗೈ ಅಗಲಕ್ಕೆ ತೆಳ್ಳಗೆ, ಉದ್ದಕ್ಕೆ ಹರಡಿದರೆ ಬೌನ್ಸ್ ಕೆಲಸ ಮಾಡುತ್ತಿದೆ. ಗಿಡ್ಡವಾಗಿ ಆಳಕ್ಕೆ ಇಳಿದರೆ ಅಗೆಯುತ್ತಿದೆ. ಒಣ ಮರಳಿನಲ್ಲಿ ಹತ್ತು ಹೊಡೆದ ಮೇಲೆ ನೀರು ಚಿಮುಕಿಸಿ ಕಾಲಿನಿಂದ ತುಳಿದು ಗಟ್ಟಿ ಮಾಡಿ ಇನ್ನು ಹತ್ತು. ಒಣ ಮರಳಿನಲ್ಲಿ ಗೆದ್ದ ಅಗಲ ಸೋಲ್ ಒದ್ದೆಯಲ್ಲಿ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯಬಹುದು. ಮಳೆಗಾಲದಲ್ಲಿ ಆಡುವವರು ಈ ಎರಡನೆಯ ಅರ್ಧವನ್ನು ತಪ್ಪಿಸಬಾರದು.

ಹಂತ 9: ನಿಜವಾದ ಗ್ರೀನಿನಲ್ಲಿ

ಚೆಂಡು ಗ್ರೀನಿನ ಮೇಲೆ ಹೇಗೆ ನಿಲ್ಲುತ್ತದೆ ಎಂಬುದೊಂದನ್ನು ಊರಲ್ಲಿ ತಿಳಿಯಲಾಗುವುದಿಲ್ಲ. ಬೆಂಗಳೂರಿನಲ್ಲಿ ಸದಸ್ಯರ ಅತಿಥಿಯಾಗಿ ಆಡುವ ದಿನ ಒಂದು ಗಂಟೆ ಮೊದಲೇ ತಲುಪಿ, ಚಿಪ್ಪಿಂಗಿಗೆ ಅನುಮತಿ ಇರುವ ಅಭ್ಯಾಸದ ಗ್ರೀನಿನಲ್ಲಿ ಹಳೆಯದು, ಹೊಸದು ಎರಡರಲ್ಲೂ 20 ಯಾರ್ಡಿನಿಂದ ಹತ್ತು ಹತ್ತು ಹೊಡೆಯಿರಿ. ಬಿದ್ದ ಜಾಗದಿಂದ ನಿಂತ ಜಾಗಕ್ಕೆ ಎಷ್ಟು ಹೆಜ್ಜೆ ಎಂದು ಬರೆಯಿರಿ. ಬಳಿಕ ಚೆಂಡಿಗೂ ಫೇಸಿಗೂ ನೀರು ಚಿಮುಕಿಸಿ ಮತ್ತೆ ಐದು. ಒದ್ದೆಯಾದಾಗ ಸ್ಪಿನ್ ಕುಸಿದು, ಚೆಂಡು ಎತ್ತರಕ್ಕೆ ಎದ್ದು, ಬಿದ್ದ ಮೇಲೆ ಹೆಚ್ಚು ಓಡುತ್ತದೆ. ಗ್ರೂವ್ ಸವೆದ ಹಳೆಯ ವೆಡ್ಜಿಗೂ ಹೊಸದಕ್ಕೂ ನಿಜವಾದ ಅಂತರ ಕಾಣುವುದು ಒಣಗಿದ್ದಾಗಲ್ಲ, ಈ ಐದು ಚೆಂಡಿನಲ್ಲಿ.

ಬೆಂಗಳೂರು ದಾವಣಗೆರೆಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಗಾಳಿ ತುಸು ತೆಳುವಾದ್ದರಿಂದ ಅಲ್ಲಿ ನೂರು ಯಾರ್ಡಿಗೆ ಒಂದೆರಡು ಯಾರ್ಡ್ ಹೆಚ್ಚು ಹೋಗಬಹುದು. ಚೀಟಿಯ ಅಂಕಿ ತಿದ್ದುವಷ್ಟು ದೊಡ್ಡದಲ್ಲ.

ಹಂತ 10: ಇಟ್ಟುಕೊಳ್ಳುವುದು, ಬಾಗಿಸುವುದು, ಹಿಂದಿರುಗಿಸುವುದು

ಸೋಲ್ ಪರೀಕ್ಷೆಯಲ್ಲಿ ಸೋತ ವೆಡ್ಜನ್ನು ದೂರದ ಆಸೆಗೆ ಇಟ್ಟುಕೊಳ್ಳಬೇಡಿ. ಸೋಲ್ ಒಗ್ಗಿ, ದೂರದ ಮೆಟ್ಟಿಲು ಮಾತ್ರ ನಾಲ್ಕೈದು ಯಾರ್ಡ್ ತಪ್ಪಿದ್ದರೆ ಹಿಂದಿರುಗಿಸಬೇಕಿಲ್ಲ, ಲಾಫ್ಟ್ ಬಾಗಿಸಬಹುದು. ಲೈ ತಪ್ಪಿದ್ದರೂ ಅಷ್ಟೇ. ಲಾಫ್ಟ್–ಲೈ ಯಂತ್ರವಿರುವ ಕ್ಲಬ್ ರಿಪೇರಿಯವರ ಬಳಿಯೇ ಮಾಡಿಸಿ. ವರ್ಕ್‌ಶಾಪಿನ ವೈಸಿಗೆ ಕಚ್ಚಿಸಿ ಬಗ್ಗಿಸಿದರೆ ಹೊಸೆಲ್ (ಶಾಫ್ಟ್ ಕೂರುವ ಕತ್ತು) ಬಿರುಕು ಬಿಡುತ್ತದೆ. ಫೋರ್ಜ್ ಮಾಡಿದ (ಕಾಯಿಸಿ ಬಡಿದ) ತಲೆ 2 ಡಿಗ್ರಿ ಸಲೀಸಾಗಿ ಬಾಗುತ್ತದೆ, ಎರಕದ ತಲೆಗೆ 1 ಡಿಗ್ರಿ ಮೀರದಿರುವುದು ಕ್ಷೇಮ.

ಬಾಗಿಸಲು ಕೊಡುವಾಗ ಒಂದು ಲೆಕ್ಕ ನೆನಪಿರಲಿ. ಲಾಫ್ಟ್ 1 ಡಿಗ್ರಿ ಇಳಿಸಿದರೆ ಬೌನ್ಸೂ 1 ಡಿಗ್ರಿ ಇಳಿಯುತ್ತದೆ, ಏರಿಸಿದರೆ ಏರುತ್ತದೆ. 56 ಲಾಫ್ಟ್, 10 ಬೌನ್ಸಿನ ವೆಡ್ಜನ್ನು 54ಕ್ಕೆ ಬಾಗಿಸಿದರೆ ಕೈಗೆ ಬರುವುದು 8 ಬೌನ್ಸಿನ ಕ್ಲಬ್. ಬಾಗಿಸಿ ತಂದ ವೆಡ್ಜನ್ನು ನೀರುಂಡ ಗರಿಕೆಯ ಮೇಲೆ ಹಂತ 4ರಂತೆ ಇನ್ನೊಮ್ಮೆ ಹೊಡೆದು, ಬಣ್ಣ ಎಲ್ಲಿ ಅಳಿಸಿತು ಎಂದು ನೋಡಿದ ಮೇಲೆಯೇ ದೂರದ ಚೀಟಿಯನ್ನು ಹೊಸದಾಗಿ ಬರೆಯಿರಿ.